ಅಂಗಡಿಯಲ್ಲಿ ಕೊಂಡ ವೀರರು

ತಾನು ಯಾರ ಹೊಟ್ಟೆಯಲ್ಲಿ ಹುಟ್ಟಬೇಕು, ಎಷ್ಟು ಎತ್ತರ ಬೆಳೆಯಬೇಕು, ಲೆಕ್ಕದಲ್ಲಿ ಜಾಣನಾಗಬೇಕೋ ಸಂಗೀತದಲ್ಲೋ ಎಂಬುದನ್ನು ಮೊದಲೇ ಅರ್ಜಿ ಹಾಕಿ, ಮಂಜೂರು ಮಾಡಿಸಿಕೊಂಡು ಭೂಮಿಗೆ ಬಂದವರು ಯಾರೂ ಇಲ್ಲ. ಬಂದಮೇಲೆ ಕೈಗೆ ಸಿಕ್ಕಿದ್ದರಲ್ಲಿ ಸಂಸಾರ ಹೂಡುತ್ತೇವೆ. ಕೆಲವರು ನಗುತ್ತ ಹೂಡುತ್ತಾರೆ, ಕೆಲವರು ಗೊಣಗುತ್ತ ಹೂಡುತ್ತಾರೆ. ಈಚೆಗೆ ಒಂದು ಆಟದ ಮೇಜಿನ ಸುತ್ತ, ಕಲ್ಪನೆಯ ಲೋಕದಲ್ಲಿಯಾದರೂ ಈ ಅನನುಕೂಲವನ್ನು ತಪ್ಪಿಸಿಕೊಳ್ಳಲೇಬೇಕೆಂದು ಹಟ ಹಿಡಿದವರ ಸಂಖ್ಯೆ ಬೆಳೆದಿದೆ. ಅವರ ವೀರರು ಹುಟ್ಟುವುದಿಲ್ಲ, ಅಂಗಡಿಯಿಂದ ಬರುತ್ತಾರೆ. ಈ ವ್ಯಾಪಾರದ ವಿರುದ್ಧ ನಾಲ್ಕು ಮಾತು ಬರೆಯುವುದು ನನ್ನ ಉದ್ದೇಶ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಕಂಡರಿಯದ ಓದುಗರಿಗಾಗಿ ಅದರ ಸ್ವರೂಪವನ್ನು ಚುಟುಕಾಗಿ ಹೇಳುತ್ತೇನೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ, ಉಳಿದವರು ತಲಾ ಒಂದೊಂದು ಪಾತ್ರ. ‘ಎದುರಿಗೆ ಗುಹೆ, ಒಳಗಿನಿಂದ ಹೊಗೆಯ ವಾಸನೆ. ಏನು ಮಾಡುವಿರಿ?’ ಎಂದು ಸೂತ್ರಧಾರ ಕೇಳುತ್ತಾನೆ. ಪಾತ್ರಧಾರಿಗಳು ತಮಗೆ ತೋಚಿದ್ದನ್ನು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳ ಉರುಳುತ್ತದೆ. ತಾಳಮದ್ದಳೆಯಲ್ಲಿ ವೇಷ ಕಟ್ಟದೆ ಕುಳಿತು ಅರ್ಥ ಹೇಳುವವರನ್ನು ಕಂಡವರಿಗೆ ಇದು ಥಟ್ಟನೆ ಹೊಳೆದೀತು. ವ್ಯತ್ಯಾಸ ಒಂದೇ: ಅಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಸೂತ್ರಧಾರನಿಗೂ ಗೊತ್ತಿಲ್ಲ. ಹೀಗೆ ವಾರದಿಂದ ವಾರಕ್ಕೆ ಮುಂದುವರಿಯುವ ಕಥೆಗೆ ಕ್ಯಾಂಪೇನ್ ಎಂದು ಹೆಸರು. ವರ್ಷಗಟ್ಟಲೆ ನಡೆಯುವುದೂ ಉಂಟು.

ಬ್ಯಾಂಕಿನಲ್ಲಿ ದುಡಿಯುವ, ಐವತ್ತು ದಾಟಿದ ನಾನು ಭಾನುವಾರ ಮಧ್ಯಾಹ್ನ ಬೆಂಗಳೂರಿನ ನನ್ನ ಮನೆಯ ಊಟದ ಮೇಜಿಗೆ ಇಂಥದೊಂದು ಕೂಟವನ್ನು ಕರೆದು ಸೂತ್ರಧಾರನಾಗುತ್ತೇನೆ. ನಗುವವರು ನಗಲಿ. ಅದೇ ಹೊತ್ತನ್ನು ಇಸ್ಪೀಟಿಗೆ ಕೊಟ್ಟಿದ್ದರೆ ಯಾರೂ ನಗುತ್ತಿರಲಿಲ್ಲ.

ಹೋದ ವರ್ಷ ಹೊಸ ಕ್ಯಾಂಪೇನ್ ಆರಂಭವಾದಾಗ ನನ್ನ ಅಕ್ಕನ ಮಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ, ಒಂದು ಕಟ್ಟು ಕಾಗದ ಹಿಡಿದು ಬಂದ. ‘ಮಾವ, ನನ್ನ ಕ್ಯಾರೆಕ್ಟರ್ ರೆಡಿ’ ಎಂದ. ಹದಿನಾಲ್ಕು ಪುಟ. ಅಳಿದುಹೋದ ರಾಜವಂಶದ ಕೊನೆಯ ಕುಡಿ. ಎಂಟನೆಯ ವಯಸ್ಸಿನಲ್ಲಿ ತಂದೆತಾಯಿಗಳ ಕೊಲೆ. ಗುಡ್ಡದ ಮೇಲಿನ ಸಂನ್ಯಾಸಿಗಳಿಂದ ಶಸ್ತ್ರಾಭ್ಯಾಸ. ಮೂರು ಭಾಷೆಗಳಲ್ಲಿ ಪಾಂಡಿತ್ಯ. ದ್ರೋಹಿ ಅಣ್ಣ. ಎದೆಯ ಮೇಲೆ ವಂಶದ ಮಚ್ಚೆ. ಕೊನೆಯ ಪುಟದಲ್ಲಿ ಅಂಕಗಳು: ಬಲ, ಚುರುಕು, ಮೈತಾಳಿಕೆ ಮೂರೂ ಹದಿನೈದು, ಬುದ್ಧಿ, ವಿವೇಕ, ವರ್ಚಸ್ಸು ಮೂರೂ ಎಂಟು.

‘ಮೂರು ಭಾಷೆಯ ಪಂಡಿತನಿಗೆ ಬುದ್ಧಿ ಎಂಟೇನೋ? ರಾಜಸಭೆಯನ್ನೇ ಮರುಳುಮಾಡಿದ ಅಂತ ಆರನೇ ಪುಟದಲ್ಲಿ ಬರೆದಿದ್ದೀಯ, ಅವನ ವರ್ಚಸ್ಸೂ ಎಂಟು’ ಎಂದೆ.

‘ಅವೆಲ್ಲ ಫೈಟರ್‌ಗೆ ಉಪಯೋಗಕ್ಕೆ ಬರಲ್ಲ ಮಾವ. ಅಲ್ಲಿ ಪಾಯಿಂಟ್ ಹಾಕಿದರೆ ವೇಸ್ಟು’ ಎಂದ.

ಹುಡುಗನ ತಪ್ಪೇನೂ ಇಲ್ಲ. ಅಂಗಡಿ ಇಟ್ಟವರು ಬೇರೆ. ಆ ಅಂಗಡಿ ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಅಮೆರಿಕದ ಮಧ್ಯಪಶ್ಚಿಮದಲ್ಲಿ, ಮೇಜಿನ ಮೇಲೆ ಸೀಸದ ಸೈನಿಕರನ್ನು ಜೋಡಿಸಿ ಹಳೆಯ ಯುದ್ಧಗಳನ್ನು ಮತ್ತೆ ಆಡುವ ಹವ್ಯಾಸಿಗಳಿದ್ದರು. 1969ರಲ್ಲಿ ಮಿನೆಸೋಟದ ಡೇವಿಡ್ ವೆಸ್ಲಿ ಎಂಬಾತ, ಆಟಗಾರನಿಗೆ ಒಂದು ಪಡೆಯ ಬದಲು ಒಬ್ಬ ಮನುಷ್ಯನನ್ನು ಕೊಟ್ಟರೆ ಹೇಗೆಂದು ಪ್ರಯೋಗ ಮಾಡಿ ನೋಡಿದ. ಆ ಕೂಟದಲ್ಲಿದ್ದ ಡೇವ್ ಆರ್ನೆಸನ್ ಅದನ್ನು ಕೋಟೆ, ನೆಲಮಾಳಿಗೆ, ಮಾಯಾವಿಗಳ ಲೋಕಕ್ಕೆ ಒಯ್ದ. ವಿಸ್ಕಾನ್ಸಿನ್ನಿನ ಲೇಕ್ ಜಿನೀವಾದಲ್ಲಿ, ವಿಮೆಯ ನೌಕರಿ ಕಳೆದುಕೊಂಡು ಬೂಟು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದ ಗ್ಯಾರಿ ಗೈಗ್ಯಾಕ್ಸ್ ಅದಕ್ಕೆ ನಿಯಮಗಳನ್ನು ಬರೆದ. 1974ರಲ್ಲಿ ಮೂರು ತೆಳು ಪುಸ್ತಕಗಳ ಒಂದು ಪೆಟ್ಟಿಗೆ ಹೊರಬಂತು. ಬೆಲೆ 10 ಡಾಲರು. ಮೊದಲ ಮುದ್ರಣ 1000 ಪ್ರತಿ.

ಆ ಮೊದಲ ಪುಸ್ತಕದಲ್ಲಿ ಪಾತ್ರ ಸೃಷ್ಟಿಯ ವಿಧಾನ ಕೆಲವೇ ಸಾಲುಗಳಷ್ಟು. ಆರು ಮುಖದ ಮೂರು ದಾಳ ಎಸೆ. ಕೂಡಿದ ಮೊತ್ತ ಬಲ. ಮತ್ತೆ ಎಸೆ, ಅದು ಬುದ್ಧಿ. ಹೀಗೆ ವಿವೇಕ, ಮೈತಾಳಿಕೆ, ಚುರುಕು, ವರ್ಚಸ್ಸು. ಆರು ಎಸೆತ, ಆರು ಅಂಕ, ಬಿದ್ದ ಕ್ರಮದಲ್ಲಿಯೇ. ದಾಳ ಉರುಳಿಸುವ ಕೆಲಸವನ್ನೂ ಸೂತ್ರಧಾರನಿಗೆ ವಹಿಸಿದ್ದರು. ಅನಂತರವೇ, ಈತ ಕತ್ತಿ ಹಿಡಿಯುವವನೋ, ಮಂತ್ರ ಕಲಿಯುವವನೋ, ದೇವರ ಸೇವಕನೋ ಎಂದು ಆಟಗಾರ ಯೋಚಿಸಬೇಕು. ಆಗ ಇದ್ದದ್ದು ಈ ಮೂರೇ ವೃತ್ತಿ; ಕಳ್ಳ ಸೇರಿಕೊಂಡದ್ದು 1975ರಲ್ಲಿ.

ಮೂರು ದಾಳ 216 ಬಗೆಯಲ್ಲಿ ಬೀಳಬಲ್ಲವು. ಹದಿನೆಂಟು ಬೀಳುವುದು ಅವುಗಳಲ್ಲಿ ಒಂದೇ ಬಗೆ. ಮೂರು ಬೀಳುವುದೂ ಒಂದೇ ಬಗೆ. ಹತ್ತು ಅಥವಾ ಹನ್ನೊಂದು ಬೀಳುವ ಬಗೆಗಳು 54. ಎಂದರೆ ಕಾಲು ಪಾಲು ಸಾಧಾರಣ, ಅದರ ಎರಡೂ ಮಗ್ಗುಲಲ್ಲಿ ಏರುತಗ್ಗು. ನಮ್ಮ ಬೀದಿಯಲ್ಲಿ ಓಡಾಡುವ ಜನವೂ ಹೆಚ್ಚುಕಡಿಮೆ ಹೀಗೆಯೇ ಇರುವರೆಂದರೆ ಅತ್ಯುಕ್ತಿಯಾಗಲಾರದು.

ಈ ವಿಧಾನ ಬಹುಕಾಲ ಬಾಳಲಿಲ್ಲ. ಸ್ವತಃ ಗೈಗ್ಯಾಕ್ಸನೇ 1978ರ ಕೈಪಿಡಿಯಲ್ಲಿ, ಪಾತ್ರ ಬದುಕಿ ಉಳಿಯಬೇಕಾದರೆ ಎರಡು ಅಂಕಗಳಾದರೂ ಹದಿನೈದನ್ನು ಮುಟ್ಟಿರಬೇಕೆಂದು ಬರೆದ. ಮರುವರ್ಷದ ಪುಸ್ತಕದಲ್ಲಿ ನಾಲ್ಕು ದಾಳ ಎಸೆದು ಕನಿಷ್ಠವಾದುದನ್ನು ಬಿಟ್ಟುಬಿಡುವ, ಬಂದ ಅಂಕಗಳನ್ನು ಬೇಕಾದಲ್ಲಿ ಇಟ್ಟುಕೊಳ್ಳುವ ರಿಯಾಯಿತಿ ಕೊಟ್ಟ. 216ರಲ್ಲಿ ಒಂದಾಗಿದ್ದ ಹದಿನೆಂಟು ಸುಮಾರು 62ರಲ್ಲಿ ಒಂದಾಯಿತು. ಅಷ್ಟರಲ್ಲಿ ಬೇರೆ ಆಟಗಳಲ್ಲಿ ದಾಳವೇ ಹೋಗಿ ಪಾಯಿಂಟು ಬಂದಿತ್ತು. 1981ರ ಚಾಂಪಿಯನ್ಸ್ ಎಂಬ ಆಟದಲ್ಲಿ, 1986ರ ಗರ್ಪ್ಸ್ ಎಂಬುದರಲ್ಲಿ ಆಟಗಾರನ ಕೈಗೆ ಇಂತಿಷ್ಟು ಪಾಯಿಂಟು ಕೊಟ್ಟು, ‘ನಿನಗೆ ಬೇಕಾದವನನ್ನು ಕೊಂಡುಕೋ’ ಎಂದರು. ಗರ್ಪ್ಸ್‌ನಲ್ಲಿ ದೋಷಗಳಿಗೂ ಬೆಲೆ ಕಟ್ಟಿದ್ದರು. ಒಕ್ಕಣ್ಣು, ಕುಂಟುಕಾಲು, ಮುಂಗೋಪ, ದುರಾಸೆ, ಒಂದೊಂದಕ್ಕೂ ಇಷ್ಟಿಷ್ಟು ಪಾಯಿಂಟು ವಾಪಸು. ಕಣ್ಣೊಂದನ್ನು ಮಾರಿ ಕತ್ತಿವಿದ್ಯೆ ಕೊಳ್ಳಬಹುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ 2014ರ ಆವೃತ್ತಿಯಲ್ಲಿ ದಾಳವೂ ಉಂಟು, ಅದರ ಪಕ್ಕದಲ್ಲಿಯೇ 27 ಪಾಯಿಂಟಿನ ಅಂಗಡಿಯೂ ಉಂಟು. ಎಂಟು ಪುಕ್ಕಟೆ, ಹದಿನೈದಕ್ಕೆ ಒಂಬತ್ತು ಪಾಯಿಂಟು. ಮೂರು ಒಂಬತ್ತಲ ಇಪ್ಪತ್ತೇಳು. ನನ್ನ ಸೋದರಳಿಯನ ರಾಜಕುಮಾರನ ಜಾತಕ ಈಗ ಓದುಗರಿಗೆ ಅರ್ಥವಾಗಿರಬೇಕು.

ಪಾಯಿಂಟಿನ ಪಕ್ಷದವರು ಇದನ್ನು ಸ್ವಾತಂತ್ರ್ಯವೆನ್ನುತ್ತಾರೆ. ‘ದಾಳಕ್ಕೆ ಗುಲಾಮನಾಗುವುದೇಕೆ? ನನ್ನ ಪಾತ್ರ, ನನ್ನ ಇಷ್ಟ.’ ಕೇಳಲು ಚೆನ್ನಾಗಿದೆ. ಆದರೆ ಈ ಸ್ವಾತಂತ್ರ್ಯ ಕೊಟ್ಟಮೇಲೆ ಹತ್ತು ಜನ ಕತ್ತಿವೀರರನ್ನು ಕೊಂಡುತಂದರೆ ಎಂಟು ಜನರ ಅಂಕಪಟ್ಟಿ ಒಂದೇ ಆಗಿರುತ್ತದೆ. ಬಲ ಮೇಲೆ, ವರ್ಚಸ್ಸು ಕೆಳಗೆ. ಮಂತ್ರವಾದಿಗಳೆಲ್ಲ ಬಡಕಲು ಮೇಧಾವಿಗಳು. ಲೆಕ್ಕ ಬಲ್ಲವರೆಲ್ಲರಿಗೂ ಲೆಕ್ಕದ ಉತ್ತರ ಒಂದೇ ಅಲ್ಲವೆ? ದಾಳದಿಂದ ಹುಟ್ಟಿದ ಹತ್ತು ಮಂದಿಯಲ್ಲಾದರೋ, ಜಾಣನಾದ ಪೈಲ್ವಾನ, ಒರಟನಾದ ಪುರೋಹಿತ, ಎಲ್ಲರಿಗೂ ಬೇಕಾದ ಆದರೆ ಯಾವ ಕೆಲಸಕ್ಕೂ ಬಾರದ ಕಳ್ಳ, ಹೀಗೆ ಯಾರೂ ಕೂತು ಯೋಚಿಸಿ ಕಟ್ಟಲಾರದ ಜೋಡಣೆಗಳು ಕಾಣುತ್ತವೆ. ಆರಿಸಿಕೊಳ್ಳುವಾಗ ಮನಸ್ಸು ತನಗೆ ಮೊದಲೇ ಗೊತ್ತಿದ್ದುದರ ಕಡೆಗೇ ವಾಲುತ್ತದೆ. ಗೊತ್ತಿಲ್ಲದವನನ್ನು ಮನೆಗೆ ಕರೆತರುವುದು ದಾಳ ಮಾತ್ರ.

ದಾಳವೆಂದೊಡನೆ ನಮ್ಮವರಿಗೆ ಶಕುನಿಯ ನೆನಪಾಗುತ್ತದೆ. ಆಗಲಿ, ಆ ಕಥೆಯನ್ನೇ ನೋಡೋಣ. ಶಕುನಿಯ ದಾಳದಲ್ಲಿದ್ದ ದೋಷವೇನು? ಅದು ದಾಳವಾಗಿದ್ದುದೆ? ಅಲ್ಲ. ಅವನು ಕೂಗಿದ ಗರವೇ ಬೀಳುತ್ತಿದ್ದುದು. ಬೇಕೆಂದ ಅಂಕ ಬೇಕೆಂದಲ್ಲಿ ಬಂದು ಕೂರುವ ಏರ್ಪಾಡಿಗೆ ನಾವು ಮೋಸವೆಂದು ಹೆಸರಿಟ್ಟೆವು. 27 ಪಾಯಿಂಟಿನ ಅಂಗಡಿಯವರು ಅದಕ್ಕೇ ಸ್ವಾತಂತ್ರ್ಯವೆಂದು ಹೆಸರಿಟ್ಟಿದ್ದಾರೆ.

ಇನ್ನು ಹದಿನಾಲ್ಕು ಪುಟದ ಪೂರ್ವಕಥೆ. ನಾನು ದ್ವೇಷಿಸುವುದು ಇದನ್ನೇ ಹೆಚ್ಚು. ರಾಜಕುಮಾರನ ಬಾಳಿನಲ್ಲಿ ಆಗಬೇಕಾದ ದೊಡ್ಡ ಸಂಗತಿಗಳೆಲ್ಲ ಮೊದಲ ಭಾನುವಾರಕ್ಕೆ ಮೊದಲೇ ಆಗಿಹೋಗಿದ್ದವು. ಕೊಲೆ, ದುಃಖ, ಶಪಥ, ಪ್ರೇಮಭಂಗ, ಯಾವುದನ್ನೂ ಅವನು ನಮ್ಮೆದುರಿಗೆ ಅನುಭವಿಸಲಿಲ್ಲ. ಎಲ್ಲವನ್ನೂ ಮನೆಯಿಂದ ಬರೆದು ತಂದಿದ್ದ. ಮೇಜಿನ ಸುತ್ತ ಕೂತ ನಮಗೆ ಉಳಿದದ್ದು ಉಪಸಂಹಾರ. ಅಷ್ಟೇ ಅಲ್ಲ, ಅಷ್ಟು ಬರೆದ ಪಾತ್ರ ಸಾಯುವ ಹಾಗಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಐದನೆಯ ವಾರ ಒಂದು ಕಾಡುರಾಕ್ಷಸ ರಾಜಕುಮಾರನ ಮೇಲೆ ಗದೆ ಬೀಸಿದ. ಸೂತ್ರಧಾರನ ದಾಳ ಒಂದು ರಟ್ಟಿನ ಪರದೆಯ ಹಿಂದೆ ಬೀಳುತ್ತದೆ, ಅವನೊಬ್ಬನಿಗೇ ಕಾಣುತ್ತದೆ. ಇಪ್ಪತ್ತು ಮುಖದ ದಾಳ ಇಪ್ಪತ್ತನ್ನೇ ತೋರಿಸಿತು. ರಾಜಕುಮಾರ ಉಳಿಯುವ ಸಂಭವವಿರಲಿಲ್ಲ. ಹುಡುಗನ ಮುಖ ನೋಡಿದೆ, ಹದಿನಾಲ್ಕು ಪುಟ ನೆನಪಾಯಿತು. ‘ಒಂಬತ್ತು. ತಪ್ಪಿತು’ ಎಂದೆ. ಎಲ್ಲರೂ ನಿಟ್ಟುಸಿರು ಬಿಟ್ಟರು. ಅಂದಿನಿಂದ ಆಟದ ಜೀವ ಹೋಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ; ಆದರೆ ಈ ರಾಜಕುಮಾರ ಸಾಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಾಗಿತ್ತು, ರಾಜಕುಮಾರನಿಗೂ ಗೊತ್ತಾಗಿತ್ತು. ಎಂಟನೆಯ ವಾರ ಅವನು ಹೆಬ್ಬಾವಿನ ಗುಂಡಿಗೆ ಆಕಳಿಸುತ್ತ ಇಳಿದ. ಕೊಂಡುತಂದ ವೀರ ತನ್ನನ್ನು ಕೆಡಿಸಿಕೊಳ್ಳುವುದಷ್ಟೇ ಅಲ್ಲ, ಸೂತ್ರಧಾರನನ್ನೂ ಸುಳ್ಳುಗಾರನನ್ನಾಗಿ ಮಾಡುತ್ತಾನೆ.

ಆ ಕ್ಯಾಂಪೇನನ್ನು ನಿಲ್ಲಿಸಿದೆ. 1981ರ ಬೇಸಿಕ್ ಸಂಪುಟದ ನಿಯಮದಂತೆ ಹೊಸದಾಗಿ ಹೂಡೋಣವೆಂದೆ. ಮೂರು ದಾಳ, ಬಿದ್ದ ಕ್ರಮದಲ್ಲಿ, ಎಲ್ಲರ ಕಣ್ಣೆದುರಿಗೆ. ರಟ್ಟಿನ ಪರದೆ ಅಟ್ಟ ಸೇರಿತು.

ಸೋದರಳಿಯ ಎಸೆದ. ಬಲ ಏಳು. ಬುದ್ಧಿ ಒಂಬತ್ತು. ವಿವೇಕ ಆರು. ಚುರುಕು ಹನ್ನೆರಡು. ಮೈತಾಳಿಕೆ ಎಂಟು. ಕೊನೆಗೆ ವರ್ಚಸ್ಸು ಹದಿನೈದು. ಕಳ್ಳನಾಗುವುದೊಂದೇ ದಾರಿಯೆಂದು ಕಳ್ಳನಾದ. ಪ್ರಾಣಕ್ಕೆ ನಾಲ್ಕು ಮುಖದ ದಾಳ ಎಸೆದರೆ ಮೂರು ಬಿತ್ತು. ಮೈತಾಳಿಕೆ ಕಡಿಮೆಯಾದ್ದರಿಂದ ಅದರಲ್ಲಿ ಒಂದು ಕಳೆದು ಎರಡು ಉಳಿಯಿತು. ಬಲವಾಗಿ ಸೀನಿದರೆ ಸಾಯುವ ಆಸಾಮಿ. ಹುಡುಗ ಹೆಸರಿನ ಜಾಗದಲ್ಲಿ ‘ಸಾಕಪ್ಪ’ ಎಂದು ಬರೆದ. ಅದು ಹೆಸರೋ ನನ್ನ ಮೇಲಿನ ಸಿಟ್ಟೋ ತಿಳಿಯಲಿಲ್ಲ.

ಆದರೆ ಕಾಗದದ ಮೇಲೊಂದು ಹದಿನೈದು ಇತ್ತಲ್ಲ! ರಾಜಕುಮಾರ ವೇಸ್ಟೆಂದು ಬಿಟ್ಟಿದ್ದ ವರ್ಚಸ್ಸು. ಅಷ್ಟು ವರ್ಚಸ್ಸಿದ್ದವನು ಐವರನ್ನು ಸಂಗಡ ಸೇರಿಸಿಕೊಳ್ಳಬಹುದೆಂದು ಆ ಪುಸ್ತಕದ ನಿಯಮ. ಹೊಡೆದಾಡಲಾರದ ಸಾಕಪ್ಪ ಪಂಜು ಹಿಡಿಯಲು ಒಬ್ಬನನ್ನೂ, ಮೂಟೆ ಹೊರಲು ಇಬ್ಬರನ್ನೂ ಕೂಲಿಗೆ ಕರೆದುಕೊಂಡ. ಗುಹೆಯಲ್ಲಿ ಗಾಬ್ಲಿನ್ನುಗಳೆಂಬ ಕುಳ್ಳ ದುಷ್ಟರ ತಂಡ ಎದುರಾದಾಗ ಉಳಿದವರು ಕತ್ತಿಗೆ ಕೈಹಾಕಿದರೆ, ಇವನು ಬುತ್ತಿ ಬಿಚ್ಚಿದ. ಎದುರಾದವರ ಮನಸ್ಸು ಹೇಗಿದೆಯೆಂಬುದಕ್ಕೂ ಒಂದು ಎಸೆತವುಂಟು. ವರ್ಚಸ್ಸಿದ್ದವನಿಗೆ ಅದರಲ್ಲಿ ಒಂದು ಅಂಕ ಹೆಚ್ಚು. ಗಾಬ್ಲಿನ್ನುಗಳು ಕೂತು ತಿಂದವು. ಅಂದಿನಿಂದ ಸಾಕಪ್ಪ ಗುಹೆಗೂ ಊರಿಗೂ ನಡುವಿನ ದಲ್ಲಾಳಿಯಾದ. ಉಪ್ಪು ಒಳಗೆ ಹೋಯಿತು, ಸುದ್ದಿ ಹೊರಗೆ ಬಂತು. ಇದನ್ನು ನಾನು ಯೋಚಿಸಿರಲಿಲ್ಲ, ಹುಡುಗನೂ ಯೋಚಿಸಿರಲಿಲ್ಲ. ಮೂರು ದಾಳ ಉರುಳಿ ಒಂದು ಬಾಗಿಲು ಮುಚ್ಚಿತ್ತು. ಆದ್ದರಿಂದ ಅವನು ಇನ್ನೊಂದನ್ನು ಹುಡುಕಿಕೊಂಡ.

ಹನ್ನೊಂದನೆಯ ಭಾನುವಾರ ನೆಲಮಾಳಿಗೆಗೆ ನೀರು ನುಗ್ಗಿತು. ಎಲ್ಲರೂ ಹೊರಗೆ ಓಡಿಬಂದರು. ಪಂಜಿನವನು ಒಳಗೇ ಉಳಿದಿದ್ದ. ಆ ಕೂಲಿಗೆ ಹೆಸರೂ ಇರಲಿಲ್ಲ. ಸಾಕಪ್ಪ ಹಿಂದಕ್ಕೆ ಹೋಗುತ್ತಾನೆಂದು ಹುಡುಗ ಹೇಳಿದ. ಬೇಡವೆಂದು ಎಲ್ಲರೂ ಕೂಗಿದರು.

‘ಅವನನ್ನ ಕರಕೊಂಡು ಬಂದಿದ್ದು ನಾನೇ ಅಲ್ವಾ ಮಾವ? ಅಲ್ಲದೆ ವಿವೇಕ ಆರು ಇರೋನು ಇನ್ನೇನು ಮಾಡ್ತಾನೆ?’ ಎಂದ.

ದಾಳ ಎಲ್ಲರೆದುರಿಗೆ ಬಿತ್ತು. ಸುಳ್ಳು ಹೇಳಲು ಪರದೆಯಿರಲಿಲ್ಲ. ಪಂಜಿನವನು ಹೊರಗೆ ಬಂದ, ಸಾಕಪ್ಪ ಬರಲಿಲ್ಲ. ಒಂದು ಕ್ಷಣ ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಆ ಹಾಳೆ ಈಗಲೂ ಹುಡುಗನ ಪುಸ್ತಕದಲ್ಲಿದೆ. ಹದಿನಾಲ್ಕು ಪುಟ ಎಲ್ಲಿ ಹೋಯಿತೆಂದು ಅವನಿಗೂ ಗೊತ್ತಿಲ್ಲ.

ವಿರೋಧಪಕ್ಷದ ವಾದಗಳನ್ನು ನಾನು ಕೇಳದೆ ಇಲ್ಲ. ಮೊದಲನೆಯದು ನ್ಯಾಯದ ವಾದ. ಒಬ್ಬನಿಗೆ ಹದಿನೇಳು ಬಿದ್ದು, ಪಕ್ಕದವನಿಗೆ ಆರು ಬಿದ್ದರೆ, ಅದೇ ಮೇಜಿನಲ್ಲಿ ಇಬ್ಬರೂ ವರ್ಷವಿಡೀ ಆಡುವುದು ಹೇಗೆ? ಇದು ಪಂದ್ಯವಾಗಿದ್ದರೆ ಈ ಮಾತಿಗೆ ನಾನು ತಲೆಬಾಗುತ್ತಿದ್ದೆ. ಆದರೆ ಇಲ್ಲಿ ಪರಸ್ಪರ ಸೋಲಿಸುವವರು ಯಾರು? ಎಲ್ಲರೂ ಒಂದೇ ಗುಹೆಗೆ ಇಳಿಯುವವರು. ಪಕ್ಕದವನ ಹದಿನೇಳು ನನ್ನ ಬೆನ್ನಿಗೂ ಕಾವಲು. ಯಾವಾಗಲೂ ಸರಿಸಮ ಅಂಕವುಳ್ಳವರೇ ಕೂಡಿ ಬಾಳುವುದಾಗಿದ್ದರೆ ಲೋಕದಲ್ಲಿ ಒಂದು ಕುಟುಂಬವೂ ಉಳಿಯುತ್ತಿರಲಿಲ್ಲ.

ಎರಡನೆಯದು, ದಾಳದ ವಾದವೆಂದರೆ ಹಣೆಬರಹದ ವಾದವೆಂಬ ಆಕ್ಷೇಪಣೆ. ಇದು ನಮ್ಮ ದೇಶದಲ್ಲಿ ಹಗುರವಾದ ಮಾತಲ್ಲ. ಹುಟ್ಟಿನಿಂದ ಬಂದುದಕ್ಕೆ ತೃಪ್ತನಾಗಿರು ಎಂಬ ಉಪದೇಶವನ್ನು ಯಾರು ಯಾರಿಗೆ ಮಾಡುತ್ತ ಬಂದರೆಂಬುದು ನನಗೂ ಗೊತ್ತು. ಆದ್ದರಿಂದ ಒಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕಾಗಿದೆ. ಈ ಆಟದ 2000ದ ಆವೃತ್ತಿಯಲ್ಲಿ ಅರ್ಧ-ಓರ್ಕ್ ಎಂಬ ಕುಲವೊಂದಿತ್ತು. ಆ ಕುಲದಲ್ಲಿ ಹುಟ್ಟಿದವನಿಗೆ ಬಲ ಎರಡು ಹೆಚ್ಚು, ಬುದ್ಧಿ ಎರಡು ಕಡಿಮೆ, ವರ್ಚಸ್ಸು ಎರಡು ಕಡಿಮೆ. ಯಾರೇ ಆಗಲಿ, ಕುಲಕ್ಕೆ ಇಷ್ಟೆಂದು ಲೆಕ್ಕ. 2020ರ ಒಂದು ಪುಸ್ತಕ ಇಂಥ ಕುಲದ ಅಂಕಗಳನ್ನು ಬೇಕಾದ ಕಡೆಗೆ ಬದಲಾಯಿಸಿಕೊಳ್ಳಲು ಬಿಟ್ಟಿತು. 2024ರ ಕೈಪಿಡಿಯಲ್ಲಿ ಹೆಚ್ಚುವರಿ ಅಂಕಗಳು ಕುಲದಿಂದ ಬರುವುದು ತಪ್ಪಿ, ಪಾತ್ರ ಮೊದಲು ಮಾಡುತ್ತಿದ್ದ ಕಸುಬಿನಿಂದ, ಕಳೆದ ಬಾಳಿನಿಂದ ಬರುವಂತಾಯಿತು. ಹಳಬರಲ್ಲಿ ಕೆಲವರು ಇದನ್ನು ಹಾಸ್ಯ ಮಾಡಿದರು. ನಾನು ಹಳಬನಾದರೂ ಆ ಕಡೆಯವನಲ್ಲ. ಕುಲ ನೋಡಿ ಬುದ್ಧಿ ಕಳೆಯುವ ಪಟ್ಟಿ ಹೋದದ್ದು ಒಳ್ಳೆಯದಾಯಿತು. ದಾಳಕ್ಕೆ ಜಾತಿ ಗೊತ್ತಿಲ್ಲ. ಅದು ಓರ್ಕನಿಗೆ ಹದಿನೆಂಟು ಬುದ್ಧಿ ಕೊಟ್ಟೀತು, ಅರಸುಮಗನಿಗೆ ನಾಲ್ಕು. ಹಣೆಬರಹವೆಂಬುದು ಮುಂದೇನಾಗುವುದೆಂಬುದನ್ನೂ ಬರೆದಿಡುತ್ತದೆ. ದಾಳ ಎಲ್ಲಿಂದ ಹೊರಡಬೇಕೆಂಬುದನ್ನಷ್ಟೇ ಹೇಳಿ ಸುಮ್ಮನಾಗುತ್ತದೆ.

ಮೂರನೆಯ ಆಕ್ಷೇಪಣೆಯ ಮುಂದೆ ನಾನು ತಬ್ಬಿಬ್ಬಾದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಹೊಸ ಕ್ಯಾಂಪೇನಿಗೆ ನನ್ನ ಸಹೋದ್ಯೋಗಿಯೊಬ್ಬರು ಬಂದು ಸೇರಿದರು. ಬಾಲ್ಯದಲ್ಲಿ ಪೋಲಿಯೊ ತಗಲಿ ಅವರ ಎಡಗಾಲು ಸೊರಗಿದೆ. ಊರುಗೋಲು ಹಿಡಿದು ನಡೆಯುತ್ತಾರೆ. ಮೂರು ದಾಳಗಳನ್ನು ಅವರ ಕಡೆಗೆ ಸರಿಸಿದೆ. ಅವರು ಮುಟ್ಟಲಿಲ್ಲ. ‘ನೋಡಿ ಸಾರ್, ನನಗೆ ಒಂದು ಗರ ಆಗಲೇ ಬಿದ್ದಿದೆ. ಅದನ್ನ ಕ್ರಮವಾಗಿಯೇ ತಗೊಂಡೆ, ಬದಲಾಯಿಸೋಕೆ ಯಾರೂ ಬಿಡಲಿಲ್ಲ. ನಿಮ್ಮ ಆ ಇನ್ನೊಂದು ಆಟದಲ್ಲಿ ಕಾಲಿಗೆ ಪಾಯಿಂಟು ವಾಪಸು ಕೊಡ್ತಾರಂತಲ್ಲ, ನನಗೆ ಅದೂ ಸಿಗಲಿಲ್ಲ. ಭಾನುವಾರ ಎರಡು ಗಂಟೆಯಾದರೂ ನನಗೆ ಬೇಕಾದವನಾಗಿ ಇರಬಾರದೆ?’ ಎಂದರು. ನಗುತ್ತಲೇ ಹೇಳಿದರು. ನನ್ನ ವಾದಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಒಂದೂ ಹೊರಗೆ ಬರಲಿಲ್ಲ.

ಆ ಪ್ರಶ್ನೆಯನ್ನು ಒಂದು ವಾರ ಹೊತ್ತು ತಿರುಗಿದೆ. ಎರಡು ಕಾಲೂ ಗಟ್ಟಿಯಾಗಿರುವವನು ದಾಳದ ಮಹಿಮೆಯನ್ನು ಹಾಡುವುದು ಸುಲಭ. ಇದ್ದುದನ್ನು ಒಪ್ಪಿಕೊಳ್ಳುವುದರಲ್ಲಿ ಸೊಗಸಿದೆಯೆಂದು, ಏನನ್ನೂ ಕಳೆದುಕೊಳ್ಳದವನು ಕಳೆದುಕೊಂಡವನಿಗೆ ಹೇಳಬಾರದು. ಆದರೆ ಇನ್ನೂ ಒಂದು ಮಾತು ಹೊಳೆಯಿತು. ಅವರಿಗೆ ಲೋಕ ಮಾಡಿದ ಅನ್ಯಾಯ ಕೆಟ್ಟ ಗರ ಮಾತ್ರವೆ? ಗರ ಬಿದ್ದಮೇಲೆ ‘ನೀನು ಇದನ್ನು ಮಾಡಲಾರೆ, ಅದನ್ನು ಮಾಡಲಾರೆ’ ಎಂದು ಶಾಲೆಯಿಂದ ಕಚೇರಿಯವರೆಗೆ ಎಲ್ಲರೂ ಪಟ್ಟಿ ಓದಿದರಲ್ಲ, ಅದೂ ಅನ್ಯಾಯವೇ. ಕಾಲು ಸೋತದ್ದು ಒಂದು ಅಂಕ. ಉಳಿದ ಐದು ಅಂಕಗಳನ್ನು ಲೋಕ ನೋಡಲೇ ಇಲ್ಲ. ನಮ್ಮ ಮೇಜಿನಲ್ಲಿ ಆ ಪಟ್ಟಿ ಓದುವವರಿಲ್ಲ. ಬಲ ಏಳಾದವನು ಬಾಗಿಲು ಒದೆಯುತ್ತೇನೆಂದರೆ ‘ಒದೆ’ ಎನ್ನುತ್ತೇವೆ.

ಇಷ್ಟನ್ನು ಮುಂದಿನ ಭಾನುವಾರ ಅವರಿಗೆ ಹೇಳಿದೆ. ಹೇಳಿ, ಒಂದು ರಾಜಿಯನ್ನೂ ಮುಂದಿಟ್ಟೆ. ಆರು ಅಂಕಗಳೂ ಬಿದ್ದಮೇಲೆ ಪ್ರತಿಯೊಬ್ಬನೂ ಒಂದೇ ಒಂದು ಸಲ, ಯಾವುದಾದರೂ ಎರಡನ್ನು ಅದಲುಬದಲು ಮಾಡಿಕೊಳ್ಳಬಹುದು. ಅವರು ಎಸೆದರು. ಬಿದ್ದ ಹದಿನಾಲ್ಕು ಬುದ್ಧಿಯಲ್ಲಿತ್ತು, ಏಳು ಚುರುಕಿನಲ್ಲಿತ್ತು. ಒಂದು ಮಾತೂ ಆಡದೆ ಅವೆರಡನ್ನೂ ಅದಲುಬದಲು ಮಾಡಿದರು. ಅವರ ಪಾತ್ರ ಓದುಬರಹ ಬಾರದ ಒಬ್ಬ ಅಂಚೆಯಾಳು. ಓಡುತ್ತಾನೆ. ಕಥೆಯಲ್ಲಿ ಓಡಬೇಕಾದ ಸಂದರ್ಭ ಬಂದಾಗಲೆಲ್ಲ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಓಡುತ್ತಾನೆ. ನಾವು ಯಾರೂ ತಡೆಯುವುದಿಲ್ಲ. ಆದರೆ ಮೊನ್ನೆ ಅವರೇ ಹೇಳಿದರು: ತಮಗೆ ಇಷ್ಟವಾದದ್ದು ಓಟವಲ್ಲ, ಹೊತ್ತ ಓಲೆಯಲ್ಲಿ ಏನಿದೆಯೆಂದು ಓದಲಾರದ ಅವನ ಸಂಕಟ ಎಂದು. ಆ ಸಂಕಟವನ್ನು ಯಾವ ಪಾಯಿಂಟು ಕೊಟ್ಟೂ ಅವರು ಕೊಳ್ಳುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕ್ಯಾಂಪೇನಿಗೆ ಬರುವವರು ಬರಿಗೈಯಲ್ಲಿ ಬನ್ನಿ. ಮೂರು ದಾಳ, ಆರು ಎಸೆತ, ಬಿದ್ದ ಕ್ರಮ, ಒಂದು ಅದಲುಬದಲು. ಪೂರ್ವಕಥೆ ಒಂದು ಸಾಲು. ಎರಡನೆಯ ಸಾಲನ್ನು ಎಲ್ಲರೂ ಕೂಡಿ ಬರೆಯೋಣ. ನಾನೇನೂ ಹೊಸದನ್ನು ಹೇಳುತ್ತಿಲ್ಲ. 1977ರ ಟ್ರಾವೆಲರ್ ಎಂಬ ಬಾಹ್ಯಾಕಾಶದ ಆಟದಲ್ಲಿ ಪಾತ್ರ ಸೃಷ್ಟಿಯಾಗುತ್ತಿರುವಾಗಲೇ, ನೌಕರಿಯ ನಡುವೆಯೇ, ಸತ್ತುಹೋಗುವುದಿತ್ತು. 1986ರ ವಾರ್‌ಹ್ಯಾಮರ್‌ನಲ್ಲಿ ವೀರನಾಗಬಂದವನನ್ನು ದಾಳ ಇಲಿ ಹಿಡಿಯುವವನನ್ನಾಗಿ ಮಾಡಿ, ಜೊತೆಗೊಂದು ಕಚ್ಚುವ ಪುಟ್ಟ ನಾಯಿ ಕೊಟ್ಟು ಕಳಿಸುತ್ತಿತ್ತು. 2012ರಲ್ಲಿ ಬಂದ ಡಂಜನ್ ಕ್ರಾಲ್ ಕ್ಲಾಸಿಕ್ಸ್‌ನಲ್ಲಿ ಒಬ್ಬೊಬ್ಬ ಆಟಗಾರನಿಗೆ ಮೂರು ನಾಲ್ಕು ಬಡ ಹಳ್ಳಿಗರು. ಆಲೂಗಡ್ಡೆ ಬೆಳೆಯುವವನೂ ಒಬ್ಬನಿರಬಹುದು. ಅವರೆಲ್ಲ ಗುಹೆಗೆ ಇಳಿಯುತ್ತಾರೆ, ಹೆಚ್ಚಿನವರು ಸಾಯುತ್ತಾರೆ, ಬದುಕಿ ಬಂದವನು ವೀರ. ವೀರನೆಂದು ಮೊದಲೇ ಬರೆದುಕೊಂಡು ಬಂದವನಲ್ಲ.

ಒಂದು ಆಟಕ್ಕೆ ಇಷ್ಟು ರಂಪವೇಕೆಂದು ಕೆಲವರು ಕೇಳಿಯಾರು. ಅವರಿಗೆ ಹೇಳಬೇಕಾದ ಮಾತೊಂದಿದೆ. ನನ್ನ ಅಕ್ಕ ಇದನ್ನು ಓದುವಳೆಂಬ ಭಯದಿಂದ ಮೆಲ್ಲಗೆ ಹೇಳುತ್ತೇನೆ. ನನ್ನ ಸೋದರಳಿಯನನ್ನು ಎಂಟನೆಯ ತರಗತಿಯಿಂದಲೇ ಪಾಯಿಂಟು ಲೆಕ್ಕ ಹಾಕಿ ಕಟ್ಟಿದರು. ಗಣಿತಕ್ಕೆ ಹದಿನೈದು, ಭೌತಶಾಸ್ತ್ರಕ್ಕೆ ಹದಿನೈದು, ಟ್ಯೂಷನ್ನಿಗೆ ಹದಿನೈದು. ಹಾಡುತ್ತಿದ್ದ, ಅದು ಉಪಯೋಗಕ್ಕೆ ಬಾರದೆಂದು ಎಂಟರಲ್ಲಿ ನಿಲ್ಲಿಸಿದರು. ನಾಲ್ಕು ಜನರೊಡನೆ ನಗುನಗುತ್ತ ಬೆರೆಯುವ ಗುಣವಿತ್ತು. ಅದಕ್ಕೆ ಪಾಯಿಂಟೇ ಇರಲಿಲ್ಲ. ನಮ್ಮ ಬಡಾವಣೆಯ ಮನ���ಮನೆಯಲ್ಲೂ ಈಗ ಇದೇ ಅಂಕಪಟ್ಟಿ. ಎಲ್ಲರ ಲೆಕ್ಕವೂ ಸರಿ, ಎಲ್ಲರ ಉತ್ತರವೂ ಒಂದೇ. ‘ಪಾಯಿಂಟ್ ಹಾಕಿದರೆ ವೇಸ್ಟು’ ಎಂಬ ಮಾತನ್ನು ಹುಡುಗ ಆಟದ ಪುಸ್ತಕದಿಂದ ಕಲಿತನೆಂದು ನಾನು ನಂಬಲಾರೆ.

ಸಾಕಪ್ಪ ಸತ್ತ ಮರುವಾರ ಅವನು ಹೊಸ ಪಾತ್ರಕ್ಕೆ ದಾಳ ಎಸೆಯಲು ಬಂದ. ಕೈಯಲ್ಲಿ ಕಾಗದವಿರಲಿಲ್ಲ. ಬಲಕ್ಕೆಂದು ಎಸೆಯುವ ಮೊದಲು ದಾಳಗಳನ್ನು ಮುಷ್ಟಿಯಲ್ಲಿ ಬಹಳ ಹೊತ್ತು ಅಲ್ಲಾಡಿಸಿದ. ಬರುವವನು ಯಾರೋ ಏನೋ ಎಂಬ ಕುತೂಹಲ ಅವನ ಮುಖದಲ್ಲಿತ್ತು. ರಾಜಕುಮಾರನನ್ನು ಹಿಡಿದು ತಂದ ದಿನ ಅದಿರಲಿಲ್ಲ.

ಇದನ್ನು ಒಪ್ಪದವರು ಬಹಳ ಮಂದಿ ಇರುವರೆಂದು ಬಲ್ಲೆ. ಅವರು ಇದೇ ಪುರವಣಿಯಲ್ಲಿ ಧಾರಾಳವಾಗಿ ಉತ್ತರ ಬರೆಯಲಿ. ಬರೆಯುವ ಮೊದಲು ಮೂರು ದಾಳಗಳನ್ನು ಆರು ಸಲ ಎಸೆದು, ಬಂದವನ ಜೊತೆ ಒಂದು ಭಾನುವಾರ ಕಳೆದು ನೋಡಿ ಬರೆಯಲಿ ಎಂದಷ್ಟೇ ನನ್ನ ಪ್ರಾರ್ಥನೆ.